ದೇವರು ಎಂಬ ಬಹುವಚನ

ಮೊಹರಂ ತಿಂಗಳ ಚಂದ್ರ ಕಂಡನೆಂದರೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ, ಮಸ್ಕಿಯ ಸಂತೆಯಲ್ಲಿ, ಸಿಂಧನೂರಿನ ಚಹಾದಂಗಡಿಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತದೆ: “ನಿಮ್ಮೂರಾಗ ದ್ಯಾವ್ರು ಎಂದು ಕುಂದರ್ತಾವ?” ಯಾವ ದೇವರು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಕೇಳಿದವನು ಲಿಂಗಾಯತನಿರಬಹುದು, ಉತ್ತರ ಕೊಟ್ಟವಳು ಕುರುಬರ ಮನೆಯ ಮುದುಕಿ ಇರಬಹುದು. ಕೂರುವುದು ಮಾತ್ರ ಪಂಜಾ. ಕರ್ಬಲಾದ ಕಾಳಗದಲ್ಲಿ ಮಡಿದ ಹುಸೇನರ ನೆನಪಿಗೆ ಬಣ್ಣದ ಬಟ್ಟೆ ಉಡಿಸಿ ನಿಲ್ಲಿಸುವ ಲೋಹದ ಲಾಂಛನ. ದೇವರು ಕೂರುತ್ತವೆ, ದೇವರು ಏಳುತ್ತವೆ, ಒಂದು ದೇವರಿಗೂ ಇನ್ನೊಂದು ದೇವರಿಗೂ ಭೆಟ್ಟಿಯಾಗುತ್ತದೆ, ಕೊನೆಗೆ ದೇವರು ಹೊಳೆಗೆ ಹೋಗುತ್ತವೆ. ಅಷ್ಟು ದಿನ ಈ ಸೀಮೆಯ ಕನ್ನಡದಲ್ಲಿ ‘ದೇವರು’ ಎಂದರೆ ಅದೇ.

ಕನ್ನಡದಲ್ಲಿ ಈ ಶಬ್ದದ ವ್ಯಾಕರಣವೇ ಒಂದು ಸೋಜಿಗ. ರೂಪದಲ್ಲಿ ಅದು ಬಹುವಚನ. ‘ಜನರು’, ‘ಹಿರಿಯರು’ ಇದ್ದ ಹಾಗೆ. ಆದರೆ ಅದರ ಜೊತೆ ಬರುವ ಕ್ರಿಯಾಪದ ಒಂದೇ ತೆರನಾಗಿರುವುದಿಲ್ಲ. ಮಗು ಹುಟ್ಟಿದಾಗ ‘ದೇವರು ಕೊಟ್ಟ’ ಅನ್ನುತ್ತಾರೆ, ಅಲ್ಲಿ ಅವನು ಒಬ್ಬ, ಗಂಡು. ಜಾತ್ರೆಯಲ್ಲಿ ಒಬ್ಬಾಕೆ ನಡುಗಿದರೆ ‘ಮೈಮೇಲೆ ದೇವರು ಬಂತು’, ಆಗ ಗಂಡೂ ಅಲ್ಲ ಹೆಣ್ಣೂ ಅಲ್ಲ. ಮೊಹರಮ್ಮಿನಲ್ಲಿ ‘ದ್ಯಾವ್ರು ಎದ್ವು’, ಹಲವು. ಮರ್ಯಾದೆಯ ಬರವಣಿಗೆಯಲ್ಲಿ ‘ದೇವರು ಕರುಣಿಸಿದರು’. ಊರ ದೇವರು ಯಾರೆಂದರೆ ದ್ಯಾಮವ್ವ. ಪಕ್ಕದ ತೆಲುಗಿನಲ್ಲಿ ‘ದೇವುಡು’ ಒಬ್ಬನೇ, ಗಂಡಸೇ; ಸ್ತ್ರೀದೇವತೆಗೆ ಬೇರೆ ಶಬ್ದ ಬೇಕು. ಕನ್ನಡದ ‘ದೇವರು’ ಎಷ್ಟು ಮಂದಿ, ಗಂಡೋ ಹೆಣ್ಣೋ ಎಂಬ ಲೆಕ್ಕ ಕೇಳುವುದಿಲ್ಲ. ಯಾರೇ ಬಂದರೂ ಒಳಗೆ ಜಾಗವಿರುವ ಪಡಸಾಲೆ ಅದು.

ಆ ಪಡಸಾಲೆಯಲ್ಲಿ ಹುಸೇನರಿಗೆ ಜಾಗ ಸಿಕ್ಕಿದ್ದಾದರೂ ಹೇಗೆ? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ನಿಂತರೆ ಒಂದು ಉತ್ತರ ಹೊಳೆಯುತ್ತದೆ. ಇಲ್ಲಿನ ಹುಸೇನಿ ಆಲಂ ದರ್ಗಾದ ಮೊಹರಂ ಇಡೀ ಸೀಮೆಗೆ ಹೆಸರಾದದ್ದು. ಕೆಂಪು ಲಾಡಿ ಕಟ್ಟಿಕೊಂಡು ಫಕೀರರಾಗುವವರಲ್ಲಿ, ಸಕ್ಕರೆ ಓದಿಸುವವರಲ್ಲಿ, ಬೆಂಕಿ ಉರಿಸುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಮೇಲಿಂದ ಮೇಲೆ ಕಾದಾಡಿದರು. ದಂಡು ಹಾದುಹೋದ ನೆಲದಲ್ಲಿ ಸತ್ತವರ ನೆನಪಿಗೆ ವೀರಗಲ್ಲು ನಿಲ್ಲಿಸುವುದು, ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಅದಕ್ಕೆ ಎಣ್ಣೆ ಹಚ್ಚಿ ‘ದೇವರು’ ಎನ್ನುವುದು ಕನ್ನಡಿಗರ ಹಳೆಯ ರೂಢಿ. ಕ್ರಿ.ಶ. 680ರಲ್ಲಿ ಯೂಫ್ರೆಟಿಸ್ ನದಿಯ ಹತ್ತಿರವೇ ನೀರು ತಡೆಯಲ್ಪಟ್ಟು, ಮಕ್ಕಳೊಡನೆ ಬಾಯಾರಿ, ಸೋಲು ಖಚಿತವೆಂದು ತಿಳಿದೂ ಕಾದಾಡಿ ಬಿದ್ದವನ ಕಥೆ ಇಂಥ ಜನರ ಕಿವಿಗೆ ಬಿದ್ದಾಗ ಅವರಿಗೆ ಅದು ಪರದೇಶದ ಕಥೆಯಾಗಿ ಕೇಳಿಸಿರಲಾರದು. ಎರಡು ನದಿಗಳ ನಡುವೆ ಇದ್ದೂ ಬರ ಉಂಡವರಿಗೆ ಬಾಯಾರಿಕೆಯ ಸಾವು ಅರ್ಥವಾಗುತ್ತದೆ. ಮೊಹರಮ್ಮಿನಲ್ಲಿ ದಾರಿಹೋಕರಿಗೆಲ್ಲ ಶರಬತ್ತು, ಪಾನಕ ಹಂಚುವುದು ಆ ಬಾಯಾರಿಕೆಯ ನೆನಪಿಗೇ.

ಹಬ್ಬದ ಕಡೆಯ ರಾತ್ರಿಯ ಹೆಸರು ‘ಖತಲ್ ರಾತ್ರಿ’. ಖತಲ್ ಎಂದರೆ ಉರ್ದುವಿನಲ್ಲಿ ಕೊಲೆ. ಹಳ್ಳಿಯ ಬಾಯಲ್ಲಿ ಅದು ‘ಕತ್ತಲ ರಾತ್ರಿ’ಯಾಗಿದೆ. ಇದನ್ನು ತಪ್ಪು ಉಚ್ಚಾರ ಎಂದು ತಿದ್ದುವುದು ಬೇಡ. ಕೇಳಿದ ಶಬ್ದಕ್ಕೆ ತಮ್ಮ ದುಃಖವನ್ನೇ ಅರ್ಥವಾಗಿ ಕೊಟ್ಟವರ ಕನ್ನಡ ಅದು. ಹಿಂದೂ ಮನೆಗಳಲ್ಲಿ ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ, ಮೌಲಪ್ಪ ಎಂದು ಮಕ್ಕಳಿಗೆ ಹೆಸರಿಡುವುದೂ ಇದೇ ಕಸುಬಿನ ಕೆಲಸ: ಅರಬ್ಬೀ ಹೆಸರಿಗೆ ಒಂದು ‘ಅಪ್ಪ’ ಸೇರಿಸಿದರೆ ಅವನು ಮನೆಯ ಹಿರಿಯ.

ಪಂಜಾವನ್ನು ದೇವರೆನ್ನುವುದು ಎಲ್ಲ ಮುಸ್ಲಿಮರಿಗೂ ಒಪ್ಪಿಗೆಯ ಮಾತಲ್ಲ. ಅಲ್ಲಾಹನ ಹೊರತು ಬೇರೆ ದೇವರಿಲ್ಲ ಎಂಬುದು ಅವರ ನಂಬಿಕೆಯ ಬುಡ. ಹುಸೇನರು ಹುತಾತ್ಮರೇ ಹೊರತು ಆರಾಧ್ಯರಲ್ಲ ಎಂದು ಹೇಳುವ ಹಕ್ಕು ಅವರಿಗಿದೆ, ಆ ಮಾತನ್ನು ಗೌರವದಿಂದಲೇ ಕೇಳಬೇಕು. ಆದರೂ ಒಂದೇ ಕುಣಿಯ ಸುತ್ತ, ಒಬ್ಬನು ‘ಹುತಾತ್ಮ’ ಎಂದುಕೊಂಡದ್ದನ್ನು ಇನ್ನೊಬ್ಬಳು ‘ದ್ಯಾವ್ರು’ ಎಂದು ಕರೆಯುತ್ತಾ, ಇಬ್ಬರೂ ಕಣ್ಣೊರೆಸಿಕೊಳ್ಳುವುದು ತಲೆಮಾರುಗಳಿಂದ ನಡೆದಿದೆ. ಅರ್ಥ ಬೇರೆಯಾದರೂ ಜೊತೆ ತಪ್ಪಿಲ್ಲ.

ಇದೇ ಮುದಗಲ್ಲಿಗೆ 16ನೇ ಶತಮಾನದಲ್ಲಿ ಗೋವೆಯ ಜೆಸುಯಿಟ್ ಪಾದ್ರಿಗಳು ಬಂದರು. ಇಲ್ಲಿನ ಕ್ರೈಸ್ತರದು ಅಷ್ಟು ಹಳೆಯ ಒಕ್ಕಲು. ಹಳೆಯ ಕನ್ನಡ ಬೈಬಲಿನಲ್ಲೂ ಸೃಷ್ಟಿಕರ್ತನಿಗೆ ‘ದೇವರು’ ಎಂದೇ ಹೆಸರು. ಕ್ರಿಯಾಪದ ಮಾತ್ರ ಏಕವಚನ, ‘ಮಾಡಿದನು’. ಇನ್ನು ಲಿಂಗಸುಗೂರಿನಿಂದ ಸುರಪುರದ ಕಡೆ ಕೃಷ್ಣೆ ದಾಟಿದರೆ ಸಿಗುವ ತಿಂಥಣಿಯಲ್ಲಿ ಸಂತ ಮೌನೇಶ್ವರರ ಜಯಘೋಷದೊಳಗೇ ‘ಪೀರ್’ ಎಂಬ ಶಬ್ದವಿದೆ.

ಹೀಗೆ ಬೆರೆಯುವ ಕೆಲಸ ಈ ನೆಲದಲ್ಲಿ ಹೊಸದಲ್ಲ ಎಂಬುದಕ್ಕೆ ಮಸ್ಕಿಯ ಬಂಡೆಯೇ ಇದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅದರ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು, ಅಶೋಕ ಎಂಬ ಹೆಸರಿರಲಿಲ್ಲ. ಮಸ್ಕಿಯಲ್ಲಿ ಎರಡೂ ಒಟ್ಟಿಗೆ ಸಿಕ್ಕವು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಸಿಂಧನೂರಿನಿಂದ ತುಂಗಭದ್ರೆಯ ಆಚೆ ದಡಕ್ಕಿರುವ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ದೊರೆಯಿತು. ಹೆಸರಿನ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಅದರ ಕೆಳಗಿನ ಸಾಲುಗಳ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಜಂಬೂದ್ವೀಪದಲ್ಲಿ ಹಿಂದೆ ಬೆರೆಯದೆ ಇದ್ದ ದೇವರುಗಳು ಈಗ ಬೆರೆತಿವೆ ಎಂದು ಅರಸ ಅಲ್ಲಿ ಹೇಳಿಕೊಂಡಿದ್ದಾನೆ. ಶಾಸನದ ಪ್ರಾಕೃತ ಶಬ್ದ ‘ಮಿಸಿಭೂತಾ’, ಮಿಶ್ರಗೊಂಡವು ಎಂದರ್ಥ. ಇದು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬೇಡಿ, ಧರ್ಮದಲ್ಲಿ ನಡೆಯುವ ಸಣ್ಣವರಿಗೂ ದಕ್ಕುತ್ತದೆ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಬೆರೆತದ್ದು ಯಾರೊಡನೆ ಎಂಬುದರ ಮೇಲೆ ವಿದ್ವಾಂಸರು ಚರ್ಚಿಸಿದ್ದಾರೆ. ಮನುಷ್ಯರೊಡನೆ ಎಂಬುದು ಬಲವಾದ ಅಭಿಪ್ರಾಯ. ಅದೇ ಅರಸ ಪರಧರ್ಮದ ನಿಂದೆ ಬೇಡ, ಪರಸ್ಪರ ಕೂಡಿ ಕೇಳುವುದು ಒಳ್ಳೆಯದು ಎಂದು ಬರೆಸಿದ ಹನ್ನೆರಡನೆಯ ಶಾಸನವೂ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಒಂದು ಗುಡಿಯೊಳಗೆ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಸಿಕ್ಕಿತು.

ಶಬ್ದಗಳು ಕೆಡುವುದೂ ಉಂಟು. ಪತಂಜಲಿಯ ಕಾಲಕ್ಕೆ ಗೌರವದ ಸಂಬೋಧನೆಯಾಗಿದ್ದ ‘ದೇವಾನಾಂಪ್ರಿಯ’ವನ್ನು ಮುಂದಿನ ವೈಯಾಕರಣರು ‘ಮೂರ್ಖ’ ಎಂಬ ಅರ್ಥಕ್ಕೆ ಇಳಿಸಿದರು. ಕನ್ನಡದ ‘ದೇವರು’ ಅದಕ್ಕಿಂತ ಕೆಟ್ಟ ಕೆಲಸಕ್ಕೂ ಬಳಕೆಯಾಗಿದೆ. ‘ದೇವರಿಗೆ ಬಿಟ್ಟೀವಿ’ ಎಂಬ ಒಂದು ಮಾತು ಈ ಸೀಮೆಯ ಎಷ್ಟೋ ಬಡ ಹೆಣ್ಣುಮಕ್ಕಳ ಬಾಳನ್ನು ನುಂಗಿತು. ಅದನ್ನು ತಡೆಯಲು 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆಯೇ ಬರಬೇಕಾಯಿತು. ಪಂಜಾದ ಮುಂದೆ ಒಟ್ಟಿಗೆ ಕುಣಿದವರನ್ನು ಗುಡಿಯ ಹೊಸ್ತಿಲಲ್ಲಿ ಜಾತಿ ಕೇಳಿ ನಿಲ್ಲಿಸುವ ಊರುಗಳೂ ಇವೆ. ಪಡಸಾಲೆ ದೊಡ್ಡದಿದ್ದರೆ ಸಾಲದು, ಬಾಗಿಲು ಕಾಯುವವರ ಮನಸ್ಸೂ ದೊಡ್ಡದಿರಬೇಕು.

ಈ ಪಡಸಾಲೆಗೆ ಹೊರಗಿನಿಂದ ಬಂದವರೂ ಇದ್ದಾರೆ. ಸಿಂಧನೂರಿಗೆ ಬಂದವರೆಲ್ಲ ತಮ್ಮ ತಮ್ಮ ಶಬ್ದ ಹೊತ್ತುಕೊಂಡೇ ಬಂದರು. ತುಂಗಭದ್ರಾ ಎಡದಂಡೆ ಕಾಲುವೆ ಹಿಡಿದು ಬಂದ ಆಂಧ್ರದ ರೈತರು ‘ದೇವುಡು’ ತಂದರು. 1971ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ‘ಠಾಕುರ್’ ತಂದವು. ಅವರ ಕ್ಯಾಂಪುಗಳಲ್ಲಿ ಇಂದು ದುರ್ಗಾಪೂಜೆ ನಡೆಯುತ್ತದೆ. ಪೇಟೆಗೆ ಬಂದು ಕನ್ನಡ ಆಡುವಾಗ ಅವರಿಗೂ ‘ದೇವ್ರು’ ಸಾಕಾಗುತ್ತದೆ.

ಈ ಶಬ್ದ ಅತ್ಯಂತ ಹಗುರಾಗಿ, ಅತ್ಯಂತ ನಿಜವಾಗಿ ಬರುವುದು ಗುಡಿ ದರ್ಗಾಗಳ ಹೊರಗೆ. ಹೆರಿಗೆ ನೋವು ತಿನ್ನುವವಳನ್ನು ಅಪರಾತ್ರಿ ಟಂಟಂನಲ್ಲಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿ, ಬಾಡಿಗೆ ಬೇಡವೆನ್ನುವ ಚಾಲಕನ ಕೈ ಹಿಡಿದುಕೊಂಡು ಈ ಸೀಮೆಯ ತಾಯಂದಿರು ಹೇಳುವುದು ಒಂದೇ ಮಾತು: “ಯಪ್ಪಾ, ದ್ಯಾವ್ರು ಬಂದಂಗ ಬಂದಿ ನೋಡು.” ಅವನದೂ ಸಿದ್ಧ ಉತ್ತರ: “ನಂದೇನೈತಿ ಯಮ್ಮಾ, ಎಲ್ಲಾ ದ್ಯಾವ್ರು ನೋಡ್ಕೊಂತಾನ.” ಆಕೆಯ ಮನಸ್ಸಿನಲ್ಲಿ ಮಸ್ಕಿಯ ಬೆಟ್ಟದ ಮಲ್ಲಯ್ಯನಿರಬಹುದು, ಅವನ ಮನಸ್ಸಿನಲ್ಲಿ ಅಲ್ಲಾಹ್ ಇರಬಹುದು. ಅಷ್ಟರಲ್ಲಿ ಒಳಗಿಂದ ಕೂಸಿನ ಅಳು ಕೇಳಿದರೆ ಆಕೆ ಅತ್ತ ಓಡುತ್ತಾಳೆ, ಅವನು ಟಂಟಂ ತಿರುಗಿಸಿಕೊಂಡು ಊರ ದಾರಿ ಹಿಡಿಯುತ್ತಾನೆ.