ಒಳಲೆಯಿಂದ ಹಾಲಿನ ಡಬ್ಬಿಯವರೆಗೆ

ಬಾಣಂತಿಯ ಕೋಣೆಯಲ್ಲಿ ಹಸುಗೂಸು ಅತ್ತರೆ ಮನೆಯವರೆಲ್ಲರ ಮುಖ ಬಾಡುತ್ತದೆ. ‘ತಾಯಿಗೆ ಹಾಲು ಸಾಲದೇನೋ’ ಎಂಬ ಶಂಕೆ ಇಂದಿನದಲ್ಲ. ಅದಕ್ಕೆ ಪರಿಹಾರ ಹುಡುಕಿದ ಕಥೆಯೂ ಬಹಳ ಹಳೆಯದು.

ಕೋಪ, ಶೋಕ, ಮಗುವಿನಲ್ಲಿ ವಾತ್ಸಲ್ಯವಿಲ್ಲದಿರುವುದು, ಇವುಗಳಿಂದ ಎದೆಹಾಲು ಬತ್ತುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಮಗುವನ್ನು ಕಂಡರೆ, ಮುಟ್ಟಿದರೆ, ನೆನೆದರೂ ಸಾಕು, ಹಾಲು ಇಳಿಯುವುದೆಂದೂ ಅದರಲ್ಲಿದೆ. ಹಾಲನ್ನು ಇಳಿಸುವುದು ಆಕ್ಸಿಟೋಸಿನ್ ಎಂಬ ರಸವೆಂದೂ, ಭಯ ಮತ್ತು ನೋವು ಅದನ್ನು ತಡೆಯಬಲ್ಲವೆಂದೂ ಇಂದಿನ ವೈದ್ಯಶಾಸ್ತ್ರ ತಿಳಿಸುತ್ತದೆ. ಹಳಬರ ಅನುಭವಕ್ಕೆ ಹೊಸಬರ ಸಾಕ್ಷಿ ದೊರೆತಂತಾಯಿತು.

ತಾಯಿಯ ಹಾಲು ದೊರೆಯದಾಗ ಉಳ್ಳವರು ಧಾತ್ರಿಯನ್ನು ನೇಮಿಸುತ್ತಿದ್ದರು. ನಮ್ಮ ‘ದಾದಿ’ ಈ ಶಬ್ದದ ತದ್ಭವ. ಧಾತ್ರಿಯೆಂದರೆ ಭೂಮಿಯೂ ಹೌದು! ಆಕೆಯ ಹಾಲನ್ನು ನೀರಿಗೆ ಬಿಟ್ಟು, ಅದು ಒಂದಾಗಿ ಬೆರೆತರೆ ಶುದ್ಧವೆಂದು ಎಣಿಸುತ್ತಿದ್ದರು. ಇಲ್ಲದವರ ಮನೆಯಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುವುದೇ ಗತಿ. ಇದರ ನಡುವೆ ಒಂದು ವಿಪರ್ಯಾಸ: ಈದ ಹಸುವಿನ ಮೊದಲ ಹಾಲಿನಿಂದ ಗಿಣ್ಣು ಮಾಡಿ ನೆರೆಹೊರೆಗೆಲ್ಲ ಹಂಚುವ ನಾವು, ರೋಗವನ್ನು ತಡೆಯುವ ಗುಣವುಳ್ಳ ತಾಯಿಯ ಮೊದಲ ಹಾಲನ್ನು ಎಷ್ಟೋ ಮನೆಗಳಲ್ಲಿ ಹಿಂಡಿ ಚೆಲ್ಲುತ್ತಿದ್ದೆವು.

ಐರೋಪ್ಯ ಖಂಡದಲ್ಲಿ 1865ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್, ಹಸುವಿನ ಹಾಲಿಗೆ ಗೋದಿ ಮತ್ತು ಮೊಳಕೆಧಾನ್ಯದ ಹಿಟ್ಟು ಸೇರಿಸಿ ಶಿಶು ಆಹಾರವೊಂದನ್ನು ರಚಿಸಿದನು. ಎರಡು ವರ್ಷಗಳ ಬಳಿಕ ಸ್ವಿಟ್ಜರ್ಲೆಂಡಿನ ನೆಸ್ಲೆ ತನ್ನ ಹಿಟ್ಟನ್ನು ಮಾರಾಟಕ್ಕೆ ತಂದನು. ಡಬ್ಬಿಯ ಯುಗ ಹೀಗೆ ಆರಂಭವಾಯಿತು.

ಈ ಕಥೆಯಲ್ಲಿ ಮೈಸೂರಿಗೂ ಪಾಲುಂಟು. ನಮ್ಮ ದೇಶದಲ್ಲಿ ಹೇರಳವಾದ ಎಮ್ಮೆಯ ಹಾಲು ಕೂಸಿಗೆ ಜೀರ್ಣವಾಗುವುದು ಕಷ್ಟ. ಅದರಲ್ಲಿ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಆ ಹಾಲನ್ನೇ ಹದಗೊಳಿಸಿ ಶಿಶು ಆಹಾರ ಮಾಡುವ ವಿಧಾನವನ್ನು ಕಂಡುಹಿಡಿದರು. ಗುಜರಾತಿನ ಆನಂದದ ಸಹಕಾರಿ ಡೈರಿ ಅದನ್ನು ಕೈಗೊಂಡು ಅಮುಲ್ ಹೆಸರಿನಲ್ಲಿ ತಯಾರಿಸಿತು.

ಆದರೆ ಆಪತ್ಕಾಲಕ್ಕೆಂದು ಬಂದ ಡಬ್ಬಿ ತಾಯಿಯ ಸ್ಥಾನಕ್ಕೇ ಕೈಹಾಕಿತು. ಶುದ್ಧವಲ್ಲದ ನೀರು, ಕುದಿಸದ ಸೀಸೆ, ಹಣ ಉಳಿಸಲೆಂದು ತೆಳುವಾಗಿ ಕಲಸಿದ ಹಾಲು, ಇವು ಬಡವರ ಕೂಸುಗಳಿಗೆ ಮೃತ್ಯುವಾದವು. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿಯೇ ಸಿಂಗಪುರದ ಸಭೆಯೊಂದರಲ್ಲಿ ಇದನ್ನು ಕೊಲೆಯೆಂದು ಕರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮಾರಾಟಕ್ಕೆ ನಿಯಮಾವಳಿ ರಚಿಸಿದ್ದು 1981ರಲ್ಲಿ; ಭಾರತ ಕಾಯಿದೆ ಮಾಡಿ ಜಾಹೀರಾತನ್ನು ನಿಷೇಧಿಸಿದ್ದು 1992ರಲ್ಲಿ.

ನನ್ನ ಹಿರಿಯ ಮಗಳು ಹುಟ್ಟಿದ ಮೂರನೆಯ ದಿನ ನಾನೂ ಗಾಬರಿಯಿಂದ ಡಬ್ಬಿ ತರಲು ಹೊರಟವನೇ. ಅತ್ತೆಯವರು ತಡೆದು, “ಅಳಿಯಂದಿರೇ, ಡಬ್ಬಿ ಆಮೇಲಾಯಿತು. ನೋಡಲು ಬಂದವರನ್ನು ಮೊದಲು ಹಜಾರದಲ್ಲಿ ಕೂರಿಸಿ, ಅವಳು ಒಂದು ಗಳಿಗೆ ಮಲಗಲಿ” ಎಂದರು. ನಾನು ಬಾಗಿಲು ಕಾದೆ. ಸಂಜೆಯ ವೇಳೆಗೆ ಮಗು ಹೊಟ್ಟೆ ತುಂಬ ಕುಡಿದು ಮಲಗಿತು.

ಎಲ್ಲರಿಗೂ ಹೀಗೆಯೇ ಆಗದು. ನಿಜವಾಗಿ ಹಾಲಿಲ್ಲದ ತಾಯಿ ವೈದ್ಯರ ಸಲಹೆಯಂತೆ ಡಬ್ಬಿಯ ಹಾಲು ಕುಡಿಸಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಬಾಣಂತಿಯ ಮನಸ್ಸಿಗೆ ನೆಮ್ಮದಿ ಕೊಡುವ ಕೆಲಸ ಯಾವ ಅಂಗಡಿಯಲ್ಲಿಯೂ ದೊರೆಯದು. ಅದು ತಂದೆಯ ಪಾಲಿನದು.