ಖಾಲಿ ತಟ್ಟೆ ವಾಪಸ್ ಹೋಗಬಾರದು

ಬೆಂಗಳೂರು ಒಂದಲ್ಲ, ಎರಡು ಊರು ಅಂತ ಹಳಬರು ಹೇಳೋದು ಸುಮ್ಮನೆ ಅಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆ ಮಹಾರಾಜರದ್ದು, ದಂಡು ಬ್ರಿಟಿಷರದ್ದು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ದಂಡಿನೊಳಗೂ ಎಷ್ಟೊಂದು ಲೋಕ! ಸೈನ್ಯದ ಬೆನ್ನಿಗೆ ಬಂದ ತಮಿಳರು, ಉರ್ದು ಮಾತಾಡುವ ವ್ಯಾಪಾರಿಗಳು, ಆಂಗ್ಲೋ-ಇಂಡಿಯನ್ನರು, ದಂಡಿಗಿಂತ ಮೊದಲೇ ಇದ್ದ ಹಲಸೂರಿನವರು. ಭಾಷೆ ಬೇರೆ, ದೇವರು ಬೇರೆ. ಇವರ ಮನೆಗಳ ನಡುವೆ ಓಡಾಡಿದ್ದು ಹಬ್ಬದ ತಟ್ಟೆ.

ಡಿಸೆಂಬರ್ ಬಂತು ಅಂದ್ರೆ ಕ್ರೈಸ್ತರ ಮನೆಗಳಲ್ಲಿ ಕಲ್‌ಕಲ್. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕ ಹಿಡಿಸೋದು. ಗೋವಾ, ಮಂಗಳೂರಿನ ಕ್ರೈಸ್ತರ 'ಕುಸ್ವಾರ್' ತಟ್ಟೆಯಲ್ಲೂ ಇದಕ್ಕೆ ಜಾಗ ಉಂಟು. ಸಾಮಾನು ಅಗ್ಗ, ಖರ್ಚಾಗೋದು ಸಮಯ. ಮನೆಮಂದಿಯೆಲ್ಲ ಸುತ್ತ ಕೂತರೂ ಡಬ್ಬ ತುಂಬೋಕೆ ಒಂದು ಸಂಜೆ ಬೇಕು.

ಮೂರು ವಾರ ಕಳೆದರೆ ಸಂಕ್ರಾಂತಿ. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಒಣಗಿಸಿ, ಎಳ್ಳು, ಕಡಲೆಕಾಯಿ ಬೀಜ ಹುರಿದು, ಹುರಿಗಡಲೆ ಬೆರೆಸಿ, ಮರದ ಅಚ್ಚಿನಲ್ಲಿ ಸಕ್ಕರೆ ಅಚ್ಚು ಮಾಡಿ ಬೀರೋದು. ಅಲ್ಲೂ ಅದೇ ಲೆಕ್ಕ: ಕಾಸು ಕಡಿಮೆ, ಕೈಕೆಲಸ ಜಾಸ್ತಿ.

ನಮ್ಮ ಕಡೆ ಯಾರೂ ಬರೆದಿಡದ ನಿಯಮವೊಂದಿದೆ: ಬಂದ ಪಾತ್ರೆ ಖಾಲಿ ವಾಪಸ್ ಹೋಗಬಾರದು. ಏನೂ ಇಲ್ಲ ಅಂದ್ರೆ ಒಂದು ಚಮಚ ಸಕ್ಕರೆ. ಹಲಸೂರಿನ ವಠಾರದಲ್ಲಿ ನಮ್ಮಜ್ಜಿ ಕ್ರಿಸ್‌ಮಸ್ ತಟ್ಟೆಯನ್ನು ತೊಳೆದಿಟ್ಟುಕೊಂಡು, ಸಂಕ್ರಾಂತಿಗೆ ಎಳ್ಳು-ಬೆಲ್ಲ ತುಂಬಿ ಕೊಡ್ತಿದ್ದರು. ಅಷ್ಟು ದಿನ ನಮ್ಮ ಅಡುಗೆಮನೆಯಲ್ಲಿ ಪಕ್ಕದ ಮನೆಯ ತಟ್ಟೆ ಇರುತ್ತಿತ್ತು. ನಡುವೆ ನಲ್ಲಿ ನೀರಿಗೆ ಜಗಳವಾಗಿ ಮಾತು ಬಿಟ್ಟಿದ್ದರೂ, ತಟ್ಟೆ ಕೊಡೋಕಾದರೂ ಬಾಗಿಲು ತಟ್ಟಲೇಬೇಕಿತ್ತು.

ಈಗ ನಾನಿರುವ ಇಂದಿರಾನಗರದ ಅಪಾರ್ಟ್‌ಮೆಂಟಿಗೆ ಹಬ್ಬ ಬಂದರೆ ಕೊರಿಯರ್‌ನಲ್ಲಿ ಹ್ಯಾಂಪರ್ ಬರುತ್ತೆ. ಒಳಗಿರೋದು ರುಚಿಯಾಗೇ ಇರುತ್ತೆ, ದೂರು ಹೇಳೋಕಾಗಲ್ಲ. ಆದರೆ ಆ ಡಬ್ಬವನ್ನು ಯಾರಿಗೂ ಹಿಂದಿರುಗಿಸಬೇಕಿಲ್ಲ. ತಿಂದು, ಕಸಕ್ಕೆ ಹಾಕಿದರೆ ಅಲ್ಲಿಗೆ ಮುಗೀತು. ಎದುರು ಮನೆಯವರ ಹೆಸರು ಗೊತ್ತಿಲ್ಲದೆಯೂ ವರ್ಷಗಳು ಕಳೆದುಹೋಗುತ್ತವೆ.

ಈ ಸಲ ಒಂದೇ ಒಂದು ಹಿಡಿ ಆಗಲಿ, ಕೈಯಾರೆ ಏನಾದರೂ ಮಾಡಿ. ಮನೆಯ ಸ್ಟೀಲ್ ತಟ್ಟೆಯಲ್ಲೇ ಎದುರು ಮನೆಗೆ ಕೊಟ್ಟು ಬನ್ನಿ. ತಟ್ಟೆ ವಾಪಸ್ ಕೇಳಬೇಡಿ. ನಿಧಾನವಾಗಿ ಬರಲಿ.