ಬಣವಿ ಕರಗೂ ಹೊತ್ತು

ಎಳ್ಳ ಅಮಾಸಿಗೆ ಬಂದಿದ್ದ ತಂಗಿ ಮಗಳು ಹಿತ್ತಲದಾಗಿನ ಬಣವಿ ನೋಡಿ, "ದೊಡ್ಡವ್ವ, ನೇಪಿಯರ್ ಹುಲ್ಲು ಇಷ್ಟು ಬೆಳದೀರಿ, ಮತ್ತ ಈ ಒಣಾ ಕಣಕಿ ಯಾಕ?" ಅಂತ ಕೇಳಿದಳು. ಆಗ ಹೇಳಕೋತ ನಿಂತಿದ್ದರ ಭಜ್ಜಿಪಲ್ಯ ತಳ ಹಿಡೀತಿತ್ತು. ಅದಕ್ಕ ಈಗ ಬರೀತೀನಿ.

ನಮ್ಮ ಎರಿ ಹೊಲದಾಗ ಹಿಂಗಾರಿ ಬಿಳಿಜೋಳ ಬಿತ್ತೂದು ಸಪ್ಟೆಂಬರ್-ಅಕ್ಟೋಬರದಾಗ, ಕೀಳೂದು ಸಂಕ್ರಾಂತಿ ದಾಟಿದ ಮ್ಯಾಲ. ಅಂದ್ರ ಚಳಿ ಜೋರಾಗೂ ಹೊತ್ತಿಗೆ ಹ್ವಾದ ವರ್ಷದ ಬಣವಿ ಬುಡಕ್ಕ ಬಂದಿರತದ, ಹೊಸಾದು ಇನ್ನಾ ಹೊಲದಾಗ ನಿಂತಿರತದ. ಹಿಂದಕ ಈ ಸಂದು ತುಂಬತಿದ್ದದ್ದು ಮುಂಗಾರಿ ಜೋಳದ ಕಣಕಿ, ಅದರ ಜೋಡಿ ಶೇಂಗಾ ಹೊಟ್ಟು.

1964ರಾಗ ಸಿ.ಎಸ್.ಎಚ್.-1 ಅನ್ನೂ ಮೊದಲನೇ ಹೈಬ್ರಿಡ್ ಜೋಳ ಬಂತು. ಮುಂದ ಕೆಲವು ವರ್ಷಕ್ಕ ನಮ್ಮ ಮಾವನವರೂ ಮುಂಗಾರಿಗೆ ಅದನ್ನ ಹಾಕಿದರಂತ. ಕಾಳು ಚೀಲಗಟ್ಟಲೆ ಬಂತು. ಆದರ ದಂಟು ಗಿಡ್ಡ. ಮಳಿ ಹಿಡದಾಗ ಕೊಯ್ಲಿಗೆ ಬಂದು ಕಣಕಿ ಕಪ್ಪಾಗಿ ಬೂಸರ ಬಂತು. ಎತ್ತು ಮೂಸಿ ನೋಡಿ ಬಿಟ್ಟುಬಿಡತಿದ್ದವಂತ. "ನಮ್ಮ ಹೊಟ್ಟಿ ತುಂಬಿತು, ದನದ ಹೊಟ್ಟಿ ಬರಿದಾತು" ಅಂತಿದ್ದರು ನಮ್ಮತ್ತಿ.

ಆ ಚಳಿಗಾಲಕ್ಕ ಹಸಿದ ಆಕಳ ಹಗ್ಗ ಹರಕೊಂಡು ಹೋಗಿ, ಜೋಳ ಕೊಯ್ದ ಬುಡದಾಗ ಒಡದ ಎಳಿ ಚಿಗುರು ಮೇಯ್ದು ಬಿಡ್ತು. ಎಳಿ ಜೋಳದಾಗ ಸೈನೈಡ್ ವಿಷ ಇರತದ. ಗಿಡ ಬಲಿತು ಒಣಗಿದರ ಅದು ಬಹಳ ಕಡಿಮಿ ಆಗತದ. ಕೊಟ್ಟಿಗಿ ಮುಟ್ಟೂದರಾಗ ಆಕಳ ಬಿತ್ತು, ಏಳಲಿಲ್ಲ. ಆಗ ನಮ್ಮ ಮನಿಯವರು ಹಾಲು ಕುಡಿಯೂ ಕೂಸು.

ಮರುವರ್ಷ ಅತ್ತಿ ಹಟ ಹಿಡಿದು ಎರಡು ಎಕರೆ ಮಾಲದಂಡಿ ಹೆಚ್ಚಿಗಿ ಹಾಕಿಸಿದರು. ಅದು ಸೋಲಾಪುರ ಜಿಲ್ಲಾದ ಮೋಹೋಳದಾಗ ಆರಿಸಿ ತಗದ ಎಂ 35-1; ಎತ್ತರ ದಂಟು, ಒಣ ಹವಾದಾಗ ಕಟಾವು, ರೊಟ್ಟಿಗೂ ಚಲೋ. ಶೇಂಗಾ ಹೊಟ್ಟಿನ ಕೋಣಿ ಕೀಲಿ ತಾವೇ ಇಟ್ಟುಕೊಂಡರಂತ! ಹೊಟ್ಟಿನಾಗ ಸತ್ವ ಹೆಚ್ಚು, ಹಾಲಿಗೆ ಒಳ್ಳೇದು. ಮಣ್ಣು ಮಾತ್ರ ಛಂದಾಗಿ ಝಾಡಿಸಿ ಹಾಕಬೇಕು.

ಗೋವಿನಜೋಳದ ದಂಟು ದಪ್ಪ, ಕತ್ತರಿಸಿ ಹಾಕದಿದ್ದರ ಅರ್ಧ ಗ್ವಾದಲ್ಯಾಗ ಉಳೀತದ. ನೇಪಿಯರ್ ನಾನೂ ಮೆಚ್ಚತೀನಿ, ಆದರ ಅದಕ್ಕ ನೀರು ಬೇಕು, ಚಳಿಗೆ ಬೆಳವಣಿಗಿ ನಿಧಾನ ಆಗತದ. ಆಫ್ರಿಕಾದ ಹುಲ್ಲು ಅದು. (ಜೋಳಾನೂ ಅಲ್ಲಿಂದನ ಬಂದದ್ದು ಬಿಡ್ರಿ, ಆದರ ಸಾವಿರಾರು ವರ್ಷದ ಹಿಂದ.)

ನಿನ್ನಿ ಎಣಿಸಿದೆ, ಬಣವ್ಯಾಗ ನೂರಾ ಇಪ್ಪತ್ತು ಸೂಡು ಉಳದಾವ. ಎರಡು ಆಕಳ, ಒಂದು ಎಮ್ಮಿ. ದಿನಕ್ಕ ಮೂರರಂಗ ಹಾಕಿದರ ನಲವತ್ತು ದಿನ. ಅಷ್ಟರಾಗ ಹೊಸ ಕಣಕಿ ಬರತದ.